ಫಿಬುಲಾ ಎಡದ್ದೋ ಬಲದ್ದೋ

ನಾನು ಎಂಬಿಬಿಎಸ್ ಸೇರಿದ್ದು 1991ರಲ್ಲಿ. ಆಗ ಕೊಡಗಿನಲ್ಲಿ ಮೆಡಿಕಲ್ ಕಾಲೇಜೇ ಇರಲಿಲ್ಲ, ಮಡಿಕೇರಿಗೆ ಬಂದಿದ್ದು 2016ರಲ್ಲಿ. ಸೋಮವಾರಪೇಟೆಯಿಂದ ಟ್ರಂಕು ಹೊತ್ತು ಜಿಲ್ಲೆ ಬಿಟ್ಟೆ.

ಮೊದಲ ಎಂಬಿಬಿಎಸ್‌ನಲ್ಲೇ ಅನಾಟಮಿ ಫೇಲ್. ವೈವಾದಲ್ಲಿ ಎಗ್ಸಾಮಿನರ್ ಮೊಣಕಾಲ ಕೆಳಗಿನ ತೆಳು ಮೂಳೆ ಫಿಬುಲಾವನ್ನು ಕೈಗಿಟ್ಟು, "ಯಾವ ಕಡೆಯದು?" ಅಂದರು. ಕೈ ಬೆವರಿ ಮೂಳೆ ಜಾರುತ್ತಿತ್ತು. ಎಡ ಅಂದೆ, ಬಲ ಅಂದೆ, ಮತ್ತೆ ಎಡ ಅಂದೆ. ಅಲ್ಲಿಗೆ ಮುಗೀತು. ಫೇಲಾಗಿ ಜೊತೆಯವರಿಂದ ಹಿಂದೆ ಬಿದ್ದವರ ಗುಂಪಿಗೆ, ಅಂದರೆ ಆಡ್ ಬ್ಯಾಚಿಗೆ ಸೇರಿದ ಹುಡುಗನಾದೆ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ರಜೆ ಅಂತ ಸುಳ್ಳು ಹೇಳಿ ಊರಿಗೆ ಬಂದೆ. ಕಾಫಿ ಕುಯ್ಲು ನಡೀತಿತ್ತು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಎರಡು ವಾರ ಆಳುಗಳ ಜೊತೆ ಹಣ್ಣು ಕುಯ್ದೆ. ಬೆರಳಿಗೆ ಅಂಟಿದ ಸಿಹಿ ರಸಕ್ಕೆ ಇರುವೆ ಹತ್ತುತ್ತಿದ್ದವು. ರಾತ್ರಿ ಬಿದ್ದ ತಕ್ಷಣ ನಿದ್ದೆ. ನನಗೆ ಗೊತ್ತಿದ್ದ ಮದ್ದು ಅದೊಂದೇ. ಅಪ್ಪನಿಗೆ ಹೇಳಿದ್ದು ಮತ್ತೆ ಬರೆದು ಪಾಸಾದ ಮೇಲೆ. ಹಾಸ್ಟೆಲಿನಲ್ಲಿ ರೂಮಿಗೆ ನಾಲ್ಕು ಜನ. ಅಳೋಕೂ ಜಾಗ ಇರಲಿಲ್ಲ, ಒಂಟಿಯಾಗಿರೋಕೂ ಇರಲಿಲ್ಲ.

ಈಗ ಮಗಳು ಎಂಬಿಬಿಎಸ್ ಓದುತ್ತಿದ್ದಾಳೆ. ಮೊದಲ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಡಿಮೆ ಬಂದ ದಿನ ಸಂಜೆಯೇ ಫೋನ್ ಮಾಡಿದಳು. "ಅಪ್ಪಾ, ನಿದ್ದೆ ಬರ್ತಿಲ್ಲ. ಕೌನ್ಸೆಲರ್ ಹತ್ರ ಹೋಗಿದ್ದೆ." ನನ್ನ ಬಾಯಿಂದ ಬಂದಿದ್ದು, "ನಮ್ಮ ಕಾಲದಲ್ಲಿ ಇದೆಲ್ಲ..." ಆ ಕಡೆ ಮೌನ. ಇಪ್ಪತ್ತೆಂಟು ವರ್ಷದಿಂದ ರೋಗಿಗಳ ಮಾತು ಕೇಳುವವನು ಮಗಳ ಮಾತಿಗೆ ಅಡ್ಡ ಬಂದಿದ್ದೆ.

ಆಮೇಲೆ ಲೆಕ್ಕ ಹಾಕಿದೆ. ನಮಗೆ ಮೊದಲ ಹಂತ ಒಂದೂವರೆ ವರ್ಷ ಇತ್ತು. ಇವರಿಗೆ ಹೆಚ್ಚುಕಡಿಮೆ ಒಂದೇ ವರ್ಷ. ಮಾರ್ಕ್ಸ್ ಬಂದ ಐದು ನಿಮಿಷಕ್ಕೆ ಇಡೀ ಬ್ಯಾಚಿನ ವಾಟ್ಸಾಪಿನಲ್ಲಿ. ನನಗೆ ಬಚ್ಚಿಡೋಕಾದರೂ ಆಯ್ತು, ಇವರಿಗೆ ಅದೂ ಇಲ್ಲ. 2019ರಿಂದ ಶುರುವಿನ ಫೌಂಡೇಶನ್ ಕೋರ್ಸಿನಲ್ಲೇ ಒತ್ತಡ ನಿಭಾಯಿಸೋದನ್ನ ಹೇಳಿಕೊಡುತ್ತಾರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮಗಳ ಫೋನಿನಲ್ಲೇ ಇದೆ. ಒಳ್ಳೇದೇ. ಆದರೆ ಇಯರ್‌ಫೋನ್ ಹಾಕಿಕೊಂಡು ರೂಮಲ್ಲಿ ಒಬ್ಬಳೇ ಕೂರೋದು ಮಾತ್ರ ನನಗಿನ್ನೂ ಹಿಡಿಸಿಲ್ಲ.

ಮರುದಿನ ನಾನೇ ಫೋನ್ ಮಾಡಿ ಫೇಲಾದ ಕಥೆ ಹೇಳಿದೆ. ಹೆಂಡತಿಗೂ ಪೂರ್ತಿ ಗೊತ್ತಿರಲಿಲ್ಲ. "ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಾ?" ಅಂದಳು ಮಗಳು. ಈಗ ಅವಳು ಫೋನ್ ಮಾಡಿದರೆ "ಊಟ ಆಯ್ತಾ, ನಿದ್ದೆ ಬಂತಾ" ಅಂತಷ್ಟೇ ಕೇಳಿ ಸುಮ್ನೆ ಇರುತ್ತೇನೆ. ಸುಮ್ನೆ ಇರೋದೇ ಕಷ್ಟ, ಮಾರಾಯ್ರೆ.

ಮೊನ್ನೆ ರಜೆಗೆ ಬಂದವಳು ಬ್ಯಾಗಿನಿಂದ ಪ್ಲಾಸ್ಟಿಕ್ ಫಿಬುಲಾ ತೆಗೆದು ನನ್ನ ಕೈಗಿಟ್ಟಳು. ತಿರುಗಿಸಿ ತಿರುಗಿಸಿ ನೋಡಿ, "ಎಡ" ಅಂದೆ.

ಬಲದ್ದಂತೆ.