ನೀರಿನ ಲೆಕ್ಕ ಕಲಿಸಿದ ಬಿದಿರು ಕೋಲು

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೇಗೂರಿನಲ್ಲಿ ನಮ್ಮ ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಟ್ಟವು. ನಮ್ಮದೂ ನಿಂತಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಗೊತ್ತು ಮಾಡಿತ್ತು. ನಮಗೆ ನೀರು ಹಾಕುವವರು 1,400ಕ್ಕೆ ಒಂದು ರೂಪಾಯಿ ಕಮ್ಮಿಯಾದರೂ ಬರಲ್ಲ ಎಂದರು. ನಾಲ್ಕೇ ಜನರ ಮನೆಗೆ ಒಂಬತ್ತು ದಿನಕ್ಕೊಂದು ಲೋಡ್ ಬೇಕಾಗುತ್ತಿತ್ತು.

ನಲ್ಲಿ ನಿಲ್ಲಿಸಿ, ಅರ್ಧ ಬಕೆಟ್ ಸಾಕು ಅಂತ ನಾನು ದಿನವಿಡೀ ಎಲ್ಲರ ಮೇಲೆ ರೇಗುತ್ತಿದ್ದೆ. ಅತ್ತೆ ಒಂದು ದಿನ ಹೇಳಿದರು: “ಸುಮ್ನೆ ಕೂಗಾಡಬೇಡ ಕಣಮ್ಮ. ದಿನಕ್ಕೆ ಎಷ್ಟು ಹೋಗ್ತಿದೆ ಅಂತ ಮೊದ್ಲು ಅಳತೆ ಮಾಡು.”

ನಮ್ಮ ಸಂಪು ಆರಡಿ ಉದ್ದ, ಆರಡಿ ಅಗಲ. ಒಂದು ಇಂಚು ನೀರು ಇಳಿದರೆ ಸುಮಾರು 85 ಲೀಟರ್ ಖರ್ಚಾಯಿತು ಅಂತ ಲೆಕ್ಕ. ಬಿದಿರು ಕೋಲೊಂದನ್ನು ಚೆನ್ನಾಗಿ ತೊಳೆದು, ಇಂಚಿಂಚಿಗೂ ಗುರುತು ಹಾಕಿದೆ. ಬೆಳಗ್ಗೆ ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಿದ ಮೇಲೆ ಕೋಲು ಇಳಿಸುವುದು, ಒದ್ದೆ ಎಲ್ಲಿವರೆಗೆ ಬಂತು ನೋಡುವುದು, ಕ್ಯಾಲೆಂಡರ್‌ನಲ್ಲಿ ಬರೆಯುವುದು. ಒಂದು ವಾರ ಹೀಗೆ ಮಾಡಿದೆ. ದಿನಕ್ಕೆ ಎಂಟು ಇಂಚು, ಅಂದರೆ 680 ಲೀಟರ್!

ಇಷ್ಟು ನೀರು ಎಲ್ಲಿ ಹೋಗುತ್ತಿದೆ ಅಂತ ಹುಡುಕಿದೆ. ಟಾಯ್ಲೆಟ್‌ನ ಫ್ಲಶ್ ಟ್ಯಾಂಕ್ ಮೇಲೆ ಅನುಮಾನ ಬಂತು. ರಾತ್ರಿ ಅದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು, ಯಾರೂ ಫ್ಲಶ್ ಮಾಡದಂತೆ ನೋಡಿಕೊಂಡೆ. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿದರೆ ಕಮೋಡಿನ ಹಿಂಬದಿಯಲ್ಲಿ ತೆಳ್ಳಗೆ ನೀಲಿ ಗೆರೆ ಇಳಿಯುತ್ತಿತ್ತು. ಸದ್ದೇ ಇಲ್ಲ. ಒಳಗಿನ ರಬ್ಬರ್ ಸವೆದಿತ್ತು. ಪ್ಲಂಬರ್ ಕೂಲಿಯೂ ಸೇರಿ 350 ರೂಪಾಯಿ ಆಯಿತು. ಮಾರನೇ ದಿನದಿಂದ ಕೋಲಿನಲ್ಲಿ ಒಂದೂವರೆ ಇಂಚು ಕಮ್ಮಿ. ಯಾರೂ ಬಳಸದ ನೀರಿಗೆ ಎಷ್ಟು ದಿನದಿಂದ ದುಡ್ಡು ಕೊಟ್ಟಿದ್ದೆವೋ ಅಂತ ನಿಜಕ್ಕೂ ಹೊಟ್ಟೆ ಉರಿಯಿತು.

ಆಮೇಲೆ ನಲ್ಲಿಗಳ ಸರದಿ. ಅಡುಗೆಮನೆ ನಲ್ಲಿಯಲ್ಲಿ ಹತ್ತು ಲೀಟರ್ ಬಕೆಟ್ ಐವತ್ತು ಸೆಕೆಂಡಿಗೆ ತುಂಬುತ್ತಿತ್ತು. ನಲ್ಲಿ ಬಾಯಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಧಾರೆ ಕಮ್ಮಿ ಮಾಡುವ ಸಣ್ಣ ಜಾಲರಿ) ಹಾಕಿದ ಮೇಲೆ ಎರಡು ನಿಮಿಷ ದಾಟುತ್ತದೆ, ಆದರೂ ಪಾತ್ರೆ ತೊಳೆಯಲು ಸಾಕಾಗುತ್ತದೆ. ಸ್ನಾನದ ಬಕೆಟ್ ತುಂಬಿಸುವ ನಲ್ಲಿಗೆ ಮಾತ್ರ ಹಾಕಬೇಡಿ. ಬಕೆಟ್ ಹೇಗಿದ್ದರೂ ತುಂಬಿಸಲೇಬೇಕಲ್ವಾ, ತಡವಾಗುತ್ತದೆ ಅಷ್ಟೇ. ನಮ್ಮ ಕಡೆ ನೀರು ಗಡುಸು, ಎರಡು ತಿಂಗಳಿಗೆ ಜಾಲರಿಯಲ್ಲಿ ಬಿಳಿ ಸುಣ್ಣ ಕಟ್ಟಿಕೊಳ್ಳುತ್ತದೆ. ಬಿಚ್ಚಿ, ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಹಾಕಿದರೆ ಬಿಟ್ಟುಕೊಳ್ಳುತ್ತದೆ.

ಆರ್‌ಓ ಫಿಲ್ಟರ್‌ನ ಪೈಪ್ ನೇರ ಸಿಂಕ್‌ಗೆ ಇಳಿದಿತ್ತು. ಅಳೆದು ನೋಡಿದರೆ ಒಂದು ಲೀಟರ್ ಕುಡಿಯುವ ನೀರಿಗೆ ಮೂರು ಲೀಟರ್ ಹೊರಗೆ. ಈಗ ಪೈಪ್ ಬಕೆಟ್‌ಗೆ ಬಿದ್ದಿದೆ. ನೆಲ ಒರೆಸಲು, ಕಾಲೊರೆಸುವ ಬಟ್ಟೆ ನೆನೆಸಲು ಅದೇ ನೀರು. ಮೊದಲು ಗಿಡಕ್ಕೂ ಹಾಕಿದ್ದೆ, ಅದು ತಪ್ಪು. ಆ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಕುಂಡದ ಕರಿಬೇವಿನ ಎಲೆ ತುದಿ ಸುಟ್ಟಂತಾಯಿತು. ಈಗ ಅದಕ್ಕೆ ಅಕ್ಕಚ್ಚು ಹಾಕುತ್ತೇನೆ, ಹೊಸ ಚಿಗುರು ಬಂದಿದೆ.

ಮೇ ತಿಂಗಳ ಹೊತ್ತಿಗೆ ದಿನಕ್ಕೆ ಐದು ಇಂಚಿಗೆ ಬಂದೆವು. ಒಂದು ಲೋಡ್ ಹದಿನಾಲ್ಕು ದಿನ ಬರತೊಡಗಿತು. 1,400ರ ದರದಲ್ಲೇ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 1,700 ರೂಪಾಯಿ ಉಳಿಯಿತು.

ನೆಂಟರು ಬಂದ ವಾರ ಕೋಲು ಏಳು ಇಂಚು ತೋರಿಸುತ್ತದೆ. ಆಗ ನಾನು ಯಾರಿಗೂ ಏನೂ ಅನ್ನುವುದಿಲ್ಲ. ನೆಂಟರಿಲ್ಲದ ವಾರ ಏಳು ಬಂದರೆ ಮಾತ್ರ ನೀಲಿ ಬಾಟಲಿ ತೆಗೆಯುತ್ತೇನೆ.