ಫ್ರಾಂಕ್‌ಫರ್ಟ್‌ನಲ್ಲಿ ಕೊನೆಯ ರಾತ್ರಿ ಎಲ್ಲಿ ಉಳಿಯೋದು: ನನ್ನ ಅನುಭವ

ಪೀಣ್ಯದಲ್ಲಿ ಮಷೀನ್ ಟೂಲ್ ಕೆಲಸದಲ್ಲಿರುವವರಿಗೆ ಜರ್ಮನಿ ಹೊಸದಲ್ಲ. ಹ್ಯಾನೋವರ್‌ನಲ್ಲಿ ಇಎಂಒ ಮೇಳ, ಸ್ಟುಟ್‌ಗಾರ್ಟ್ ಸುತ್ತ ಕಾರ್ಖಾನೆಗಳು, ಒಂದಲ್ಲ ಒಂದು ಕೆಲಸಕ್ಕೆ ಹೋಗಿ ಬರುತ್ತಲೇ ಇರುತ್ತೇವೆ. ವಾಪಸ್ ಬರಲು ನಾನು ಹೆಚ್ಚಾಗಿ ಹಿಡಿಯುವುದು ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರುವ ನೇರ ವಿಮಾನ. ಹೊರಡುವ ಹಿಂದಿನ ರಾತ್ರಿ ಎಲ್ಲಿ ಉಳಿಯಬೇಕು ಅಂತ ಆಫೀಸಿನ ಹುಡುಗರು ನನ್ನನ್ನೇ ಕೇಳುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದಿಡೋಣ ಅನಿಸಿತು.

"ಸರ್, ಸ್ಟುಟ್‌ಗಾರ್ಟ್‌ನಲ್ಲೇ ಮಲಗಿ ಬೆಳಿಗ್ಗೆ ರೈಲು ಹತ್ತಿದರೆ ಆಗಲ್ವಾ?" ಇದು ಎಲ್ಲರೂ ಕೇಳುವ ಪ್ರಶ್ನೆ. ನೋಡಲು ಸುಲಭ. ಐಸಿಇ ಅನ್ನುವ ವೇಗದ ರೈಲು ನೇರ ವಿಮಾನ ನಿಲ್ದಾಣಕ್ಕೇ ಬರುತ್ತದೆ, ಒಂದೂಕಾಲು ಗಂಟೆಯ ದಾರಿ ಅಷ್ಟೇ. ಆದರೆ ಜರ್ಮನಿಯಲ್ಲಿ ದೂರದ ರೈಲುಗಳು ತಡವಾಗುವುದು ಈಗ ಅಲ್ಲಿನವರ ದಿನನಿತ್ಯದ ಮಾತು. ಮೀಟಿಂಗಿಗೆ ಅರ್ಧ ಗಂಟೆ ತಡವಾದರೆ ಕ್ಷಮೆ ಕೇಳಬಹುದು, ಚೆಕ್-ಇನ್ ಕೌಂಟರ್ ಮುಚ್ಚಿದ ಮೇಲೆ ಯಾರನ್ನು ಕೇಳೋದು? ಹಿಂದಿನ ಸಂಜೆಯೇ ಫ್ರಾಂಕ್‌ಫರ್ಟ್ ಸೇರಿಬಿಡಿ ಅಂತಲೇ ನಾನು ಹೇಳುವುದು.

ಫ್ರಾಂಕ್‌ಫರ್ಟ್‌ನಲ್ಲಿ ಎಲ್ಲಿ ಅನ್ನುವುದಕ್ಕೆ ನಾನು ಕಿಲೋಮೀಟರ್ ನೋಡುವುದಿಲ್ಲ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇವನಹಳ್ಳಿ ಎಷ್ಟು ದೂರ ಅಂತ ನಮ್ಮಲ್ಲಿ ಯಾರೂ ಕೇಳಲ್ಲ, ಎಷ್ಟು ಹೊತ್ತಿಗೆ ಹೆಬ್ಬಾಳ ದಾಟ್ತೀಯ ಅಂತ ಕೇಳುತ್ತಾರೆ. ಅಲ್ಲೂ ನಾನು ನೋಡುವುದು ಒಂದೇ: ರೂಮಿನ ಬಾಗಿಲು ಎಳೆದುಕೊಂಡ ಮೇಲೆ ಕೌಂಟರ್ ಮುಟ್ಟುವ ತನಕ ಎಷ್ಟು ಸಲ ಹತ್ತಿ ಇಳಿಯಬೇಕು? ಎರಡು ದೊಡ್ಡ ಸೂಟ್‌ಕೇಸ್, ಹೆಗಲಲ್ಲಿ ಲ್ಯಾಪ್‌ಟಾಪ್ ಇದ್ದಾಗ ಒಂದೇ ಸವಾರಿ ಇರಬೇಕು. ಮಧ್ಯೆ ರೈಲು ಬದಲಿಸುವ ಹಾಗಿದ್ದರೆ ಆ ಹೋಟೆಲ್ ಎಷ್ಟೇ ಅಗ್ಗವಾಗಿರಲಿ, ಬಿಟ್ಟುಬಿಡುತ್ತೇನೆ.

ಹೀಗೆ ಸೋಸಿದರೆ ಎಸ್8, ಎಸ್9 ಲೋಕಲ್ ರೈಲಿನ ದಾರಿ ಉಳಿಯುತ್ತದೆ. ಈ ಎರಡೂ ಟರ್ಮಿನಲ್ 1ರ ಕೆಳಗಿನ ಸ್ಟೇಷನ್‌ಗೇ ಬರುತ್ತವೆ. ಪಶ್ಚಿಮಕ್ಕೆ ಒಂದು ಸ್ಟಾಪ್ ಹೋದರೆ ಕೆಲ್ಸ್ಟರ್‌ಬಾಖ್, ಆಮೇಲೆ ರೌನ್‌ಹೈಮ್. ಎರಡೂ ಚಿಕ್ಕ ಊರು, ರೂಮಿನ ಬಾಡಿಗೆ ಸಾಮಾನ್ಯವಾಗಿ ಕಡಿಮೆ. ಸಿಟಿ ಕಡೆಗೆ ಒಂದೇ ಸ್ಟಾಪ್ ದೂರದಲ್ಲಿ ಗೇಟ್‌ವೇ ಗಾರ್ಡನ್ಸ್ ಇದೆ. ಅಲ್ಲಿ ಸ್ಟೇಷನ್ ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ಆಫೀಸುಗಳ ಮಧ್ಯೆ ಹೋಟೆಲ್‌ಗಳಿವೆ. ಸಂಜೆ ನೋಡಲು ಏನೂ ಇಲ್ಲ, ನಿದ್ದೆಗೆ ಮಾತ್ರ ಚೆನ್ನ. ವಿಮಾನದ ಸದ್ದಿಗೆ ಹೆದರಬೇಡಿ. 2011ರಿಂದ ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ವಿಮಾನ ಹಾರಾಟಕ್ಕೆ ನಿಷೇಧವಿದೆ. ರನ್‌ವೇ ಪಕ್ಕದ ಊರು ಇಷ್ಟು ತಣ್ಣಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೆಂಗಳೂರಿನ ನೇರ ವಿಮಾನ ಮಧ್ಯಾಹ್ನದ ಹೊತ್ತಿಗೆ ಹೊರಡುವುದಾದರೆ ಸಿಟಿಯಲ್ಲೇ ಉಳಿಯುವುದೂ ಒಳ್ಳೆಯದು. ಮುಖ್ಯ ರೈಲು ನಿಲ್ದಾಣದಿಂದ ಅದೇ ರೈಲಿನಲ್ಲಿ ಸುಮಾರು ಕಾಲು ಗಂಟೆ. ಸಂಜೆ ಮೈನ್ ನದಿ ದಂಡೆಯಲ್ಲಿ ಒಂದು ಸುತ್ತು ಹಾಕಬಹುದು, ಮನೆಗೆ ಚಾಕಲೇಟ್ ತಗೊಳ್ಳಬಹುದು. ಸ್ಟೇಷನ್ ಮುಂದಿನ ಬೀದಿಗಳಲ್ಲಿ ಮಾತ್ರ ರಾತ್ರಿ ಡ್ರಗ್ಸ್ ಹಾವಳಿ ಜಾಸ್ತಿ. ಹೊಸಬರಿಗೆ ಮತ್ತು ಮನೆಯವರ ಜೊತೆ ಬಂದವರಿಗೆ ಸ್ಟೇಷನ್‌ನ ದಕ್ಷಿಣದ ಕಡೆ ನೋಡಿ ಅನ್ನುತ್ತೇನೆ. ಬುಕ್ ಮಾಡುವ ಮುಂಚೆ ಮೇಳಗಳ ಕ್ಯಾಲೆಂಡರ್ ನೋಡಲೇಬೇಕು. ಅಕ್ಟೋಬರ್‌ನ ಪುಸ್ತಕ ಮೇಳದಂಥ ವಾರಗಳಲ್ಲಿ ಬಾಡಿಗೆ ಎಲ್ಲಿಗೋ ಏರಿಬಿಡುತ್ತದೆ. ನಮ್ಮ ಮಷೀನ್ ಟೂಲ್ ಮೇಳ ಇಮ್‌ಟೆಕ್ಸ್ ನಡೆಯುವಾಗ ತುಮಕೂರು ರಸ್ತೆಯ ಹೋಟೆಲ್‌ಗಳಲ್ಲಿ ರೂಮು ಹುಡುಕಿದವರಿಗೆ ಈ ಕಷ್ಟ ಗೊತ್ತು.

ಟರ್ಮಿನಲ್‌ಗೇ ಅಂಟಿಕೊಂಡ ಹೋಟೆಲ್‌ಗಳೂ ಇವೆ, ನಡೆದೇ ಹೋಗಬಹುದು. ದುಬಾರಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಯೋಚನೆ ಮಾಡದೆ ಅಲ್ಲೇ ಹಾಕಿ. ಒಬ್ಬರೇ ಆದರೆ ಬೇಡ.

ಊರು ಗೊತ್ತಾದ ಮೇಲೆ ಹೋಟೆಲ್‌ಗೆ ಒಂದು ಮೇಲ್ ಹಾಕುತ್ತೇನೆ. ರಿಸೆಪ್ಷನ್‌ನಲ್ಲಿ ರಾತ್ರಿಯಿಡೀ ಜನ ಇರುತ್ತಾರಾ? ಚಿಕ್ಕ ಹೋಟೆಲ್‌ಗಳಲ್ಲಿ ಸಂಜೆಗೇ ಬೀಗ ಹಾಕಿ ಹೋಗಿಬಿಡುತ್ತಾರೆ, ಕೀ ಬೇರೆ ಕಡೆ ಇಟ್ಟಿರುತ್ತಾರೆ. ಮೊದಲ ಶಟಲ್ ಬಸ್ ಎಷ್ಟು ಗಂಟೆಗೆ? ಶನಿವಾರ, ಭಾನುವಾರ ತಿಂಡಿ ಎಷ್ಟು ಹೊತ್ತಿಗೆ ಶುರು? ತೂಕ ನೋಡಲು ಮಷೀನ್ ಇದೆಯಾ? ಈ ಕೊನೆಯದಕ್ಕೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ, ಅದಕ್ಕೇ ಕೈಯಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ತಕ್ಕಡಿ ಸದಾ ನನ್ನ ಬ್ಯಾಗಿನಲ್ಲೇ ಇರುತ್ತದೆ. ಜರ್ಮನಿಯ ರೂಮುಗಳಲ್ಲಿ ನೀರು ಕಾಯಿಸುವ ಕೆಟಲ್ ಇದ್ದೇ ಇರುತ್ತದೆ ಅಂದುಕೊಳ್ಳುವ ಹಾಗಿಲ್ಲ. ಇನ್‌ಸ್ಟಂಟ್ ಉಪ್ಪಿಟ್ಟು ನೆಚ್ಚಿಕೊಂಡವರು ಅದನ್ನೂ ಕೇಳಿಕೊಳ್ಳಿ. ಭಾನುವಾರವಾದರೆ ಊರಿನ ಅಂಗಡಿಗಳೆಲ್ಲ ಬಂದ್. ವಿಮಾನ ನಿಲ್ದಾಣದ ಸೂಪರ್ ಮಾರ್ಕೆಟ್ ತೆರೆದಿರುತ್ತದೆ, ಬ್ರೆಡ್ಡು, ಮೊಸರು, ಹಣ್ಣಿಗೆ ಅದೇ ಗತಿ.

ವೀಸಾದ ದಿನಗಳನ್ನು ಎಣಿಸಿಕೊಳ್ಳಿ. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಲೆಕ್ಕದಲ್ಲಿ ಇಳಿದ ದಿನವೂ ಒಂದು ದಿನ, ಹೊರಡುವ ದಿನವೂ ಒಂದು ದಿನ. ಒಂದು ರಾತ್ರಿ ಹೆಚ್ಚಿಗೆ ಉಳಿದರೆ ಒಂದು ದಿನ ಸೇರಿತು ಅಂತಲೇ ಅರ್ಥ. ಟ್ರಾವೆಲ್ ಇನ್ಶೂರೆನ್ಸ್ ಕೂಡ ಅಲ್ಲಿಯವರೆಗೆ ಇರಬೇಕು.

ಟ್ಯಾಕ್ಸ್ ರೀಫಂಡ್, ಅಂದರೆ ಅಲ್ಲಿ ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆ ವಾಪಸ್ ತಗೊಳ್ಳುವವರು ಇನ್ನೂ ಬೇಗ ಹೊರಡಬೇಕು. ಒಂದೇ ಬಿಲ್ 50 ಯೂರೋ ದಾಟಿದ್ದರೆ ಸಿಗುತ್ತದೆ, ಆದರೆ ಸಾಮಾನನ್ನು ಕಸ್ಟಮ್ಸ್‌ನವರಿಗೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಬ್ಯಾಗು ಬೆಲ್ಟಿನ ಮೇಲೆ ಹೋಗಿಬಿಟ್ಟರೆ ತೋರಿಸಲು ಕೈಯಲ್ಲಿ ಏನೂ ಇರಲ್ಲ. ಅದಕ್ಕೇ ಬಿಲ್ ಇರುವ ಸಾಮಾನನ್ನೆಲ್ಲ ಹಿಂದಿನ ರಾತ್ರಿಯೇ ಒಂದೇ ಸೂಟ್‌ಕೇಸ್‌ನಲ್ಲಿ, ಎಲ್ಲದರ ಮೇಲೆ ಇಡುತ್ತೇನೆ.

ಮಾರ್ಚ್ ಕೊನೆಯಲ್ಲಿ ಬರುವವರಿಗೆ ಇನ್ನೊಂದು ಮಾತು. ಆ ತಿಂಗಳ ಕೊನೆಯ ಭಾನುವಾರ ನಸುಕಿನ 2 ಗಂಟೆಗೆ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ರಾತ್ರಿಯಲ್ಲಿ ಒಂದು ಗಂಟೆ ಖೋತಾ. ಫೋನ್ ತಾನೇ ಬದಲಾಯಿಸಿಕೊಳ್ಳುತ್ತದೆ. ಕೈಗಡಿಯಾರ ನಂಬುವವರು ಮಲಗುವ ಮುಂಚೆಯೇ ಮುಳ್ಳು ತಿರುಗಿಸಿ ಮಲಗಿ.