ಹಳೆಯ ಎರ್ಟಿಗಾ ಕೊಂಡ ಲೆಕ್ಕ

ಮನೆಯಲ್ಲಿ ಆರು ಜನ. ಅಪ್ಪನಿಗೆ ಮೊಣಕಾಲು ನೋವು, ಅಮ್ಮನಿಗೆ ಘಾಟಿ ಹತ್ತಿದರೆ ಹೊಟ್ಟೆ ತೊಳೆಸುತ್ತದೆ. ಸಣ್ಣ ಕಾರು ಸಾಲದು, ಇನ್ನೋವಾ ಕೈಗೆಟುಕದು. ಆದ್ದರಿಂದ 2018ರ ಕೊನೆಯಲ್ಲಿ ಬಂದ ಎರಡನೇ ತಲೆಮಾರಿನ, ಏಳು ಸೀಟಿನ ಮಾರುತಿ ಎರ್ಟಿಗಾ, ಪೆಟ್ರೋಲ್, ಕೈಯಲ್ಲಿ ಗೇರ್ ಹಾಕುವಂಥದ್ದು ಎಂದು ಮೊದಲೇ ಗಟ್ಟಿ ಮಾಡಿಕೊಂಡೆ. ಒಂದೇ ಮಾದರಿಗೆ ಅಂಟಿಕೊಂಡು ಹುಡುಕಿದರೆ ನಾಲ್ಕಾರು ಗಾಡಿ ನೋಡುವಷ್ಟರಲ್ಲಿ ಬೆಲೆಯ ನಾಡಿ ಸಿಗುತ್ತದೆ. ಇಂದು ಸ್ವಿಫ್ಟ್, ನಾಳೆ ಕ್ರೆಟಾ ಎಂದು ಅಲೆದವರಿಗೆ ಯಾವುದು ದುಬಾರಿ, ಯಾವುದು ಅಗ್ಗ ಎಂಬುದೇ ತಿಳಿಯುವುದಿಲ್ಲ.

ಗಾಡಿ ನೋಡಲು ಹೋಗುವ ಮೊದಲು ನಾನು ಕೇಳುತ್ತಿದ್ದುದು ನೋಂದಣಿ ಪತ್ರದ, ಅಂದರೆ ಆರ್‌ಸಿಯ ಎರಡೂ ಬದಿಯ ಫೋಟೊ. ಕೊಡಲು ಹಿಂದೆಮುಂದೆ ನೋಡಿದವರ ಗಾಡಿ ನೋಡಲು ನಾನು ಹೋಗಲಿಲ್ಲ. ನೋಂದಣಿ ದಿನಾಂಕ, ತಯಾರಾದ ತಿಂಗಳು, ಎಷ್ಟನೇ ಮಾಲೀಕರು, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇದೆಯೇ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಉಳಿದದ್ದು, ಅಂದರೆ ವಿಮೆ ಯಾವಾಗ ಮುಗಿಯುತ್ತದೆ, ಎಮಿಷನ್ ಸರ್ಟಿಫಿಕೇಟ್ ಇದೆಯೇ ಎಂಬುದು ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಸಿಗುತ್ತದೆ. ಸಂಚಾರ ನಿಯಮ ಉಲ್ಲಂಘನೆಯ ದಂಡ ಬಾಕಿ ಇದ್ದರೆ ಅದನ್ನೂ ಗಾಡಿ ನಂಬರ್‌ನಿಂದಲೇ ನೋಡಬಹುದು. ಬೆಂಗಳೂರಿನ ಗಾಡಿಗಳಲ್ಲಂತೂ ಇದನ್ನು ಮರೆಯಬಾರದು.

ಮೊದಲಿಗೆ ಕಣ್ಣು ಕುಕ್ಕಿದ್ದು ದೆಹಲಿ ನೋಂದಣಿಯ ಒಂದು ಗಾಡಿ. ಇಲ್ಲಿನ ಬೆಲೆಗಿಂತ ಒಂದೂಕಾಲು ಲಕ್ಷ ಕಡಿಮೆ. ದೆಹಲಿಯಲ್ಲಿ ಡೀಸೆಲ್‌ಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು ವರ್ಷ ಎಂಬ ಮಿತಿ ಬಂದಾಗಿನಿಂದ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಧಾರಾಳವಾಗಿ ಬರುತ್ತಿವೆ. ಆದರೆ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಓಡಿಸಿದರೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಲೇಬೇಕು. ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಿಸಿ, ಇಲ್ಲಿ ಮರುನೋಂದಣಿ ಮಾಡಿಸಿ, ವಯಸ್ಸಿಗೆ ತಕ್ಕ ತೆರಿಗೆ ಕಟ್ಟಿದರೆ ಉಳಿತಾಯವೆಲ್ಲ ಅಲ್ಲಿಗೇ ಸರಿಹೋಗುತ್ತದೆ. ಕಾಗದಕ್ಕಾಗಿ ಅಲೆದಾಡುವ ಖರ್ಚು ಬೇರೆ. ನಾನು ನಮ್ಮ ಶಿವಮೊಗ್ಗದ ಕೆಎ-14 ಗಾಡಿಗೇ ಹೆಚ್ಚು ಒಲವು ತೋರಿದ್ದು ಇದೇ ಕಾರಣಕ್ಕೆ.

ಉಡುಪಿಯ ಕಡೆಯ ಗಾಡಿಯೊಂದು ಮೇಲಿನಿಂದ ಹೊಳೆಯುತ್ತಿತ್ತು. ಮೆಕ್ಯಾನಿಕ್ ಅಡಿಗೆ ಮಲಗಿ ಟಾರ್ಚ್ ಬಿಟ್ಟರೆ ಸೈಲೆನ್ಸರ್ ಕೊಳವೆಯೂ ಹಿಂದಿನ ಆಕ್ಸೆಲ್ಲೂ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದ್ದವು. ಕರಾವಳಿಯ ಗಾಡಿ ಎಂದರೆ ಅಡಿಭಾಗವನ್ನೇ ಮೊದಲು ನೋಡಬೇಕು. ಮಲೆನಾಡಿನದಾದರೆ ಕ್ಲಚ್. ಬೆಂಗಳೂರಿನದಾದರೆ ನೀರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಬೇಸ್‌ಮೆಂಟ್‌ಗಳಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೇ ಹೋಗಿವೆ ಎಂದು ನಾನು ನಂಬುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು. ಸುರುಳಿಯ ಒಳಗಿದ್ದ ಪಟ್ಟಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಮ್ಯಾಟ್ ಬದಲಿಸುವವರು ಅಷ್ಟು ಒಳಗೆ ಕೈಹಾಕುವುದಿಲ್ಲ.

ಎರ್ಟಿಗಾ ಹುಡುಕುವವರಿಗೆ ಇನ್ನೊಂದು ಕಾಟವಿದೆ: ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಟ್ಯಾಕ್ಸಿಗಳು. ಕಾನೂನುಬದ್ಧವಾಗಿ ಬದಲಿಸಿ, ಹಾಗೆಂದು ಹೇಳಿಯೇ ಮಾರಿದರೆ ತಪ್ಪಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇರಬೇಕು. ಒಬ್ಬ ದಲ್ಲಾಳಿ ತೋರಿಸಿದ್ದು ‘ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ ಸಾರ್, ಬರೀ ನಲವತ್ತೊಂದು ಸಾವಿರ ಕಿಲೋಮೀಟರ್’. ಹಿಂದಿನ ಗಾಜನ್ನು ಬಿಸಿಲಿಗೆ ಓರೆಯಾಗಿ ನೋಡಿದರೆ ಕಿತ್ತ ಸ್ಟಿಕ್ಕರಿನ ಆಯತಾಕಾರದ ನೆರಳು ಕಾಣಿಸಿತು. ನಡುವಿನ ಕಂಬದ ಪ್ಲಾಸ್ಟಿಕ್ಕಿನಲ್ಲಿ ಟ್ಯಾಕ್ಸಿಯ ಪ್ಯಾನಿಕ್ ಬಟನ್ ಇದ್ದಿರಬಹುದಾದ ತೂತಿಗೆ ಕಪ್ಪು ಬಿರಡೆ. ಚಾಲಕನ ಬಾಗಿಲಿನ ಹಿಡಿಗಿಂತ ಎಡ ಹಿಂಬದಿಯ ಬಾಗಿಲಿನ ಹಿಡಿ ಹೆಚ್ಚು ಸವೆದಿತ್ತು; ಬಾಡಿಗೆ ಗಾಡಿಗೆ ಜನ ಹತ್ತುವುದು ಅಲ್ಲಿಂದಲೇ ಅಲ್ಲವೇ? ಕ್ಲಚ್ ಪೆಡಲಿನ ರಬ್ಬರಿನ ಗೀರುಗಳು ನುಣ್ಣಗಾಗಿದ್ದವು. ಮಾಲೀಕರ ಮೂಲಕ ಅಧಿಕೃತ ಸರ್ವೀಸ್ ಸೆಂಟರಿನ ದಾಖಲೆ ತರಿಸಿ ಎಂದಾಗ ದಲ್ಲಾಳಿಯ ಮಾತಿನ ಧಾಟಿ ಬದಲಾಯಿತು. ದಾಖಲೆ ಬಂತು: 2022ರಲ್ಲೇ ಆ ಗಾಡಿ 68 ಸಾವಿರ ಓಡಿತ್ತು. ಮೀಟರ್ ತಿರುಗಿಸುವವರು ಸರ್ವೀಸ್ ಸೆಂಟರಿನ ಕಂಪ್ಯೂಟರನ್ನು ತಿರುಗಿಸಲಾರರು.

ಕೊನೆಗೆ ಕೊಂಡದ್ದು ನಿವೃತ್ತ ಅಧಿಕಾರಿಯೊಬ್ಬರ 2019ರ ವಿಎಕ್ಸ್‌ಐ ದರ್ಜೆಯ ಎರ್ಟಿಗಾ. ಮೀಟರ್ 52 ಸಾವಿರ. ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಂಡಿದ್ದೆ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ತಣ್ಣನೆಯ ಎಂಜಿನ್ ಮೊದಲ ಸಲ ಎದ್ದಾಗ ಕೊಳವೆಯಿಂದ ಬರುವ ಹೊಗೆಯೇ ಜಾತಕ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ. ಇಲ್ಲಿ ಎರಡೂ ಇರಲಿಲ್ಲ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯಂಥ ನೊರೆಯೂ ಇರಲಿಲ್ಲ.

ಅಪಘಾತದ ಗುರುತು ಹುಡುಕಲು ಬಣ್ಣ ನೋಡುತ್ತ ಕೂರುವುದಕ್ಕಿಂತ ಬೋಲ್ಟ್ ನೋಡುವುದು ಲೇಸು. ಬಾನೆಟ್ ಮತ್ತು ಬಾಗಿಲಿನ ಕೀಲುಗಳ ಬೋಲ್ಟ್‌ಗಳಿಗೆ ಕಾರ್ಖಾನೆಯಲ್ಲೇ ಬಣ್ಣ ಬಿದ್ದಿರುತ್ತದೆ, ಸ್ಪ್ಯಾನರ್ ತಾಗಿದರೆ ಮೂಲೆಗಳಲ್ಲಿ ಬಣ್ಣ ಎದ್ದಿರುತ್ತದೆ. ಇದರಲ್ಲಿ ಎಡ ಫೆಂಡರಿನ, ಅಂದರೆ ಮುಂಚಕ್ರದ ಮೇಲಿನ ತಗಡಿನ, ಬೋಲ್ಟ್‌ಗಳನ್ನು ಹಿಂದೆ ಬಿಚ್ಚಿದ ಗುರುತಿತ್ತು. ಕೇಳಿದಾಗ ಅವರು ಮುಚ್ಚಿಡದೆ, ‘ಹಸು ಅಡ್ಡ ಬಂತು, ಫೆಂಡರ್ ಬದಲಿಸಿ ಕ್ಲೈಮ್ ತೆಗೆದುಕೊಂಡೆ’ ಎಂದು ಬಿಲ್ಲನ್ನೇ ತಂದು ತೋರಿಸಿದರು. ಫೆಂಡರ್ ಬದಲಾದರೆ ಚಿಂತೆಯಿಲ್ಲ. ಅದರ ಒಳಗಿನ ಚೌಕಟ್ಟಿನ ತಗಡು (ಏಪ್ರನ್), ಬಾಗಿಲಿನ ಕಂಬಗಳು ನೆಟ್ಟಗಿರಬೇಕು. ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತು ನೋಡಿದರೆ ಕಾರ್ಖಾನೆಯ ವೆಲ್ಡಿಂಗ್ ಚುಕ್ಕೆಗಳು ಒಂದೇ ಅಂತರದಲ್ಲಿ ಸಾಲಾಗಿ ಕಾಣುತ್ತವೆ. ಅವು ಮಾಯವಾಗಿ ಪುಟ್ಟಿ ಸವರಿದ್ದರೆ ಚೌಕಾಸಿ ಬೇಡ, ವಾಪಸ್ ಹೊರಡಿ. ಇಲ್ಲಿ ನಾಲ್ಕೂ ಬಾಗಿಲಲ್ಲಿ ಚುಕ್ಕೆಗಳಿದ್ದವು.

ಟೈರಿನ ಬದಿಯಲ್ಲಿ ಅಚ್ಚಾದ ಸಂಕೇತದ ಕೊನೆಗೆ ಅದು ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿಗಳಿರುತ್ತವೆ. ಇದರಲ್ಲಿ 0819, ಅಂದರೆ 2019ರ ಎಂಟನೇ ವಾರ. ಬದಿಗಳಲ್ಲಿ ಬಿರುಕು ಬಿಟ್ಟಿದ್ದವು, ಬದಲಿಸಲೇಬೇಕಿತ್ತು. ನನಗೆ ಮಾತ್ರ ಆ ಹಳೆಯ ಟೈರ್ ನೋಡಿ ಸಮಾಧಾನವಾಯಿತು: ಗಾಡಿಯೊಂದಿಗೇ ಬಂದ ಟೈರ್ ಇನ್ನೂ ಇದೆ ಎಂದರೆ 52 ಸಾವಿರ ಎಂಬ ಮೀಟರಿನ ಮಾತು ನಂಬುವಂಥದ್ದು. ಸರ್ವೀಸ್ ದಾಖಲೆಯೂ ಅದನ್ನೇ ಹೇಳಿತು.

ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿ ಮಂಡಗದ್ದೆಯ ಕಡೆಗೆ ಓಡಿಸಿದೆವು. ಅಪ್ಪ ಅಮ್ಮನನ್ನು ಜೊತೆಗೆ ಕರೆದೊಯ್ದೆ. ಗಾಡಿ ನೋಡುವಾಗ ಮನೆಯವರು ಬೇಡ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ; ಕೂರುವವರು ಕೂತೇ ನೋಡಬೇಕು. ಮೂರನೇ ಸಾಲಿನಲ್ಲಿ ಮಗಳು ಕೂತು ಎಸಿಯ ಗಾಳಿ ತಲುಪುತ್ತದೆಯೇ ಎಂದು ವರದಿ ಒಪ್ಪಿಸುತ್ತಿದ್ದಳು. ರೇಡಿಯೊ ಬಂದ್ ಮಾಡಿ, ಕಿಟಕಿ ಇಳಿಸಿ, ಹಂಪ್‌ಗಳ ಮೇಲೆ ನಿಧಾನವಾಗಿ ದಾಟಿದರೆ ಮುಂದಿನ ಸಸ್ಪೆನ್ಷನ್ ಸದ್ದು ಮಾಡಲಿಲ್ಲ. ಕ್ಲಚ್ ಮಾತ್ರ ಪೆಡಲನ್ನು ಪೂರ್ತಿ ಬಿಟ್ಟಮೇಲೆಯೇ ಹಿಡಿಯುತ್ತಿತ್ತು. ವಾಪಸ್ ಬಂದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಲಿಫ್ಟ್ ಮೇಲೆ ಏರಿಸಿ, ಸ್ಕ್ಯಾನರ್ ಹಾಕಿ ನೋಡಿ, ‘ಕ್ಲಚ್ ಸೆಟ್ ಹಾಕಿಸಿ, ಮಿಕ್ಕಿದ್ದು ಕಣ್ಣು ಮುಚ್ಚಿ ತೆಗೆದುಕೊಳ್ಳಿ’ ಎಂದರು. ಮುಂದಿನ ಎಡ ಸೀಟಿನ ಕೆಳಗೆ ಎಂಜಿನ್ನಿಗೆ ನೆರವಾಗುವ ಸ್ಮಾರ್ಟ್ ಹೈಬ್ರಿಡ್ ವ್ಯವಸ್ಥೆಯ ಲಿಥಿಯಂ ಬ್ಯಾಟರಿ ಇರುತ್ತದೆ, ಅದು ದುಬಾರಿ ಸಾಮಾನು. ಅದರಲ್ಲೂ ದೋಷ ತೋರಲಿಲ್ಲ. ಮೆಕ್ಯಾನಿಕ್‌ಗೆ ಸಾವಿರ ರೂಪಾಯಿ ಕೊಟ್ಟೆ. ಈ ವ್ಯವಹಾರದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಮಾಲೀಕರು ಕೇಳಿದ್ದು 8.10 ಲಕ್ಷ. ನಾನು ‘ಕಡಿಮೆ ಮಾಡಿ’ ಎನ್ನಲಿಲ್ಲ, ಚೀಟಿ ಬರೆದೆ. ನಾಲ್ಕು ಟೈರ್‌ಗೆ 24 ಸಾವಿರ, ಕ್ಲಚ್‌ಗೆ ಕೂಲಿ ಸೇರಿ 11, ಬ್ರೇಕ್ ಪ್ಯಾಡ್, ಆಯಿಲ್, ಫಿಲ್ಟರ್‌ಗಳಿಗೆ 8. ಚಾಲ್ತಿ ವಿಮೆಯಲ್ಲಿ ಐಡಿವಿ, ಅಂದರೆ ಗಾಡಿಗೆ ವಿಮೆಯಲ್ಲಿ ಬರೆದ ಮೌಲ್ಯ, 6.40 ಲಕ್ಷ ಇತ್ತು. ಪ್ರೀಮಿಯಂ ಇಳಿಸಲು ಜನ ಐಡಿವಿ ತಗ್ಗಿಸುವುದುಂಟು, ಐದು ವರ್ಷ ದಾಟಿದ ಗಾಡಿಗೆ ಅದು ಕಂಪನಿ ಮತ್ತು ಮಾಲೀಕರು ಒಪ್ಪಿಕೊಂಡ ಮೊತ್ತ ಅಷ್ಟೆ. ಹಾಗಾಗಿ ಅದೇ ಬೆಲೆ ಎಂದು ಹಟ ಹಿಡಿಯಲಾಗದು, ಆದರೂ ಮಾತಿಗೆ ಒಂದು ಆಧಾರ. ಚೀಟಿ ನೋಡಿ 7.52ಕ್ಕೆ ಒಪ್ಪಿದರು. ಹಳೆಯ ಕಾರಿನ ಮಳಿಗೆಯೊಂದರಲ್ಲಿ ಪೂರ್ತಿ ಬೆಲೆಯ ಮೇಲೆ ಶೇ. 18 ಜಿಎಸ್‌ಟಿ ಕೊಡಬೇಕು ಎಂದು ನನ್ನನ್ನು ಹೆದರಿಸಿದ್ದರು. ಆ ತೆರಿಗೆ ಬೀಳುವುದು ನೋಂದಾಯಿತ ವ್ಯಾಪಾರಿಯ ಲಾಭದ ಅಂತರದ ಮೇಲೆ, ಗಾಡಿ ಬಳಸಿದ ಮಾಲೀಕರಿಂದಲೇ ನೇರವಾಗಿ ಕೊಂಡರೆ ಅದೂ ಇಲ್ಲ. ಸಣ್ಣ ಕಾರು ಹುಡುಕುವವರು ಇನ್ನೊಂದನ್ನು ಗಮನಿಸಬೇಕು: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿವರೆಗಿನ ಹೊಸ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ಸ್ವಿಫ್ಟ್‌ಗೆ ಅದಕ್ಕೂ ಹಿಂದಿನ ಬೆಲೆ ಹೇಳುವವರಿಗೆ ಹೊಸ ಸ್ವಿಫ್ಟ್‌ನ ಬೆಲೆಪಟ್ಟಿ ತೋರಿಸಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ತೀರಿ ಎರಡು ವರ್ಷವಾಗಿದ್ದರೂ ಎಚ್‌ಪಿ, ಅಂದರೆ ಗಾಡಿಯ ಮೇಲಿನ ಸಾಲದ ನಮೂದು, ತೆಗೆಸಿರಲಿಲ್ಲ, ಸಾಲ ತೀರಿತೆಂದು ಬ್ಯಾಂಕ್ ಆಗ ಕೊಟ್ಟ ಪತ್ರದ ಅವಧಿ ಮುಗಿದಿತ್ತು. ‘ಸಾಲವೇ ಇಲ್ಲವಲ್ಲಪ್ಪಾ’ ಎಂಬುದು ಅವರ ವಾದ. ಆರ್‌ಟಿಒ ನೋಡುವುದು ದಾಖಲೆಯನ್ನು, ಎಚ್‌ಪಿ ಹೋಗದೆ ಹೆಸರು ನನಗೆ ವರ್ಗವಾಗದು. ‘ಇಪ್ಪತ್ತೈದು ಸಾವಿರ ಮುಂಗಡ ಇಟ್ಟುಕೊಳ್ಳಿ ಸರ್, ಹೊಸ ಪತ್ರ ಮತ್ತು ಎಚ್‌ಪಿ ತೆಗೆಸುವ ಫಾರ್ಮ್ 35 ಬಂದ ದಿನ ಉಳಿದದ್ದು’ ಎಂದು ಒಪ್ಪಂದ ಬರೆದುಕೊಂಡೆವು. ಪತ್ರ ಬರಲು ಕೆಲವು ವಾರ ಹಿಡಿಯಿತು. ಗಾಡಿ ಅವರ ಮನೆಯಲ್ಲೇ ನಿಂತಿತ್ತು, ಹಣ ನನ್ನ ಖಾತೆಯಲ್ಲೇ ಇತ್ತು. ಆಮೇಲೆ ಹೆಸರು ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ, ಬ್ಯಾಂಕಿನ ಮೂಲಕ ಹಣ ವರ್ಗಾಯಿಸಿ, ಗಾಡಿ ಕೊಟ್ಟ ದಿನಾಂಕದ ಜೊತೆ ಗಂಟೆಯನ್ನೂ ಬರೆದ ಚೀಟಿಯನ್ನು ಇಬ್ಬರೂ ಇಟ್ಟುಕೊಂಡೆವು. ಆ ಗಂಟೆಯ ಮುಂಚಿನ ದಂಡ ಅವರದು, ನಂತರದ್ದು ನನ್ನದು.

ಕೊಂಡವರು ಮೂವತ್ತು ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಿಮೆಗೆ ಹದಿನಾಲ್ಕೇ ದಿನ. ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ಮಾರಿದವರ ಸ್ವತ್ತು, ಗಾಡಿಯ ಜೊತೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ನಾನೇ ಕಟ್ಟಿದೆ. ಟೈರ್, ಕ್ಲಚ್, ವರ್ಗಾವಣೆ ಶುಲ್ಕ ಎಲ್ಲ ಸೇರಿ ಗಾಡಿ ನನಗೆ ಬಿದ್ದದ್ದು ಎಂಟು ಲಕ್ಷದ ಒಳಗೆ. ಹಳೆಯ ಫಾಸ್ಟ್ಯಾಗನ್ನು ಅವರೇ ಮುಚ್ಚಿಸಿದರು. ಎರಡನೇ ಕೀ ಮಾತ್ರ ಸಿಗದೆ ಮನೆಯೆಲ್ಲ ತಡಕಾಡಿ, ಕೊನೆಗೆ ಬೀರುವಿನಲ್ಲಿ ಸಿಕ್ಕಿತೆಂದು ಫೋನ್ ಮಾಡಿದರು. ಅದನ್ನು ನಾನು ಪಟ್ಟು ಹಿಡಿದು ಕೇಳಿದ್ದಕ್ಕೆ ಕಾರಣವಿದೆ: ಗಾಡಿ ಕಳುವಾದರೆ ವಿಮಾ ಕಂಪನಿಯವರು ಎರಡೂ ಕೀ ಕೇಳುತ್ತಾರೆ.